ಕುಲಾವಿ ಮೊದಲು

ಬಾಣಂತನಕ್ಕೆ ಮೊದಲು ಬೇಕಾದ್ದು ಬಿಸಿನೀರು, ಆಮೇಲೆ ಬೆಚ್ಚಗಿನ ಕೋಣೆ, ಆಮೇಲೆ ಬಾಗಿಲಲ್ಲಿ ನಿಂತು ನೋಡಲು ಬಂದವರನ್ನೆಲ್ಲ ವಾಪಸ್ಸು ಕಳಿಸುವ ಒಂದು ಗಟ್ಟಿ ಹೆಂಗಸು. ಇದು ನಮ್ಮಮ್ಮನ ಲೆಕ್ಕ. ಮಗು ಅದರ ಪಾಡಿಗೆ ಅದು ಬರುತ್ತದೆ, ಹಂಡೆ ಒಲೆ ಸರಿಯಿಲ್ಲದಿದ್ದರೆ ಮಾತ್ರ ಕಷ್ಟ ಅನ್ನುತ್ತಿದ್ದಳು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಅಂತ ಗಾದೆ ಹೇಳಿ ಊರೆಲ್ಲ ನಗುತ್ತದಲ್ಲ, ಆ ಗಾದೆ ಕಟ್ಟಿದವನು ಖಂಡಿತ ಗಂಡಸು. ಕೂಸು ಹುಟ್ಟಿದ ಮೇಲೆ ಸೂಜಿಗೆ ದಾರ ಪೋಣಿಸುತ್ತ ಕೂರಲು ಯಾರಿಗೆ ಪುರುಸೊತ್ತಿದೆ, ನೀವೇ ಹೇಳಿ?

ಈಗ ನಮ್ಮ ಮನೆಯಲ್ಲಿ ನಡೆದಿರುವುದೂ ಕುಲಾವಿ ಹೊಲಿಯುವ ಕೆಲಸವೇ. ಬಾಣಂತಿ ಆಗಬೇಕಾದವಳು ಮಾತ್ರ ಒಂದು ಮೀನು. ಡಿಸ್ಕಸ್ ಅಂತ. ಆರೇಳು ಅಂಗುಲ ಅಗಲ. ಎದುರಿನಿಂದ ನೋಡಿದರೆ ಬರೀ ಒಂದು ಗೆರೆ, ಪಕ್ಕಕ್ಕೆ ತಿರುಗಿತೋ ಪೂರ್ಣ ದುಂಡು. ಕೆಂಪು ಕಣ್ಣು, ಮೈಮೇಲೆಲ್ಲ ಹೊಯ್ದಾಡುವ ನೀಲಿ ಗೀರು. ಮನೆಯಲ್ಲಿ ಮೀನು ಸಾಕುವವರು ಇದನ್ನು ಅಕ್ವೇರಿಯಂನ ರಾಜ ಅನ್ನುತ್ತಾರೆ. ರೂಪಕ್ಕೆ ಕೊಟ್ಟ ಬಿರುದು ಅಂತ ಅಂದುಕೊಂಡಿದ್ದೆ. ಈಗ ಗೊತ್ತಾಗಿದೆ, ಅದು ಮಾಡಿಸಿಕೊಳ್ಳುವ ಸೇವೆಗೆ ಕೊಟ್ಟದ್ದು.

ಬಿಸಿನೀರಿನಿಂದಲೇ ಶುರು ಮಾಡೋಣ. ಬೇರೆ ಮೀನುಗಳು 24–25 ಡಿಗ್ರಿಯಲ್ಲಿ ಹಾಯಾಗಿರುತ್ತವೆ. ಈ ಮಹಾರಾಯರಿಗೆ 28ರಿಂದ 30 ಬೇಕು. ಬೆಂಗಳೂರಿನ ಧನುರ್ಮಾಸದ ರಾತ್ರಿ ಹೊರಗೆ 15 ಡಿಗ್ರಿ, ಮನೆಯ ಯಜಮಾನರು ಮಂಕಿ ಕ್ಯಾಪಿನೊಳಗೆ ಮುದುಡಿ ಕೂತಿರುತ್ತಾರೆ, ಹಾಲಿನ ಮೂಲೆಯಲ್ಲಿ ಎರಡು ಮೀನು 30 ಡಿಗ್ರಿಯಲ್ಲಿ ಓಲಾಡಿಕೊಂಡಿರುತ್ತವೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಹೀಟರು ದೊಡ್ಡದು ಒಂದರ ಬದಲು ಚಿಕ್ಕವು ಎರಡು ಹಾಕಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅನ್ನುವುದು ಎಲ್ಲರೂ ಹೇಳುವ ಕಾರಣ. ನಿಜವಾದ ಕಾರಣ ಬೇರೆ. ಥರ್ಮೋಸ್ಟಾಟ್ ಸಿಕ್ಕಿಕೊಂಡು ಆಫ್ ಆಗದೆ ಹೋದರೆ ದೊಡ್ಡ ಹೀಟರು ಮೀನನ್ನು ಬೇಯಿಸಿಯೇ ಬಿಡುತ್ತದೆ, ಚಿಕ್ಕದಕ್ಕೆ ಅಷ್ಟು ತಾಕತ್ತಿಲ್ಲ. ನಾವು ಶುದ್ಧ ಸಸ್ಯಾಹಾರಿಗಳು, ಅಂಥದ್ದೆಲ್ಲ ನಡೆಯಬಾರದು.

ನನಗೆ ಈ ಹುಚ್ಚು ಹಿಡಿದದ್ದು ಚಳಿಯ ದೆಸೆಯಿಂದ. ಮಗಳ ಬಾಣಂತನಕ್ಕೆ ಅಂತ ಮಿನಿಯಾಪೊಲಿಸ್‌ಗೆ ಹೋಗಿದ್ದೆ. ಈಗ ಅಜ್ಜಿಯರೆಲ್ಲ ಸೂಟ್‌ಕೇಸಿನಲ್ಲಿ ಅಂಟು, ಬಜೆ, ಒಣಶುಂಠಿ ತುಂಬಿಕೊಂಡು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೋಗಿ ಬರುತ್ತಾರಲ್ಲ, ಹಾಗೆ. ಹೊರಗೆ ಸೊನ್ನೆಗಿಂತ ಕೆಳಗೆ 20. ಪುಣ್ಯಕ್ಕೆ ಆ ಊರಿನ ಪೇಟೆಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಗಾಜಿನ ಓಣಿಗಳಿವೆ, ಸ್ಕೈವೇ ಅನ್ನುತ್ತಾರೆ, ಬೀದಿಗೆ ಇಳಿಯದೆ ಮೈಲಿಗಟ್ಟಲೆ ನಡೆಯಬಹುದು. ತಾಯಿ ಮಗು ಮಲಗಿದ ಹೊತ್ತಿನಲ್ಲಿ ನಾನು ಅಲ್ಲಿ ಅಡ್ಡಾಡುತ್ತಿದ್ದೆ. ಒಂದು ಕಟ್ಟಡದ ಲಾಬಿಯಲ್ಲಿ ಸೋಫಾ, ಸೋಫಾದ ಎದುರು ಗೋಡೆಯುದ್ದದ ಟ್ಯಾಂಕು, ಟ್ಯಾಂಕಿನಲ್ಲಿ ಇವು. ಅದನ್ನು ತೊಳೆಯಲು ಬರುತ್ತಿದ್ದ ಹುಡುಗ ಒಂದು ದಿನ ಪೈಪು ಹಿಡಿದುಕೊಂಡೇ ಹೇಳಿದ, ಇವು ಮರಿಗಳಿಗೆ ಹಾಲು ಕೊಡುತ್ತವೆ ಅಂತ. ಮೀನು? ಹಾಲು? ನನ್ನನ್ನು ಹಳ್ಳಿ ಗುಗ್ಗು ಅಂದುಕೊಂಡನೇನೋ ಅಂತ ಅವನ ಮುಖ ನೋಡಿದೆ. ತಾಯಿ ಅಷ್ಟೇ ಅಲ್ಲ, ತಂದೆಯೂ ಕೊಡುತ್ತದೆ ಅಂದ. ಮರುದಿನ ಅವನಿಗೆ ಎರಡು ಅಂಟಿನುಂಡೆ ತೆಗೆದುಕೊಂಡು ಹೋದೆ, ಪೂರ್ತಿ ವಿಷಯ ತಿಳಿಯಬೇಕಿತ್ತಲ್ಲ. ಆ ಹಾಲಿನ ಕಥೆಗೆ ಆಮೇಲೆ ಬರುತ್ತೇನೆ, ಅದನ್ನು ಅವಸರದಲ್ಲಿ ಹೇಳಬಾರದು.

ಚಳಿ ದೇಶದವರಿಗೂ ಈ ಮೀನಿಗೂ ನಂಟು ಹಳೆಯದು. 1817ರಲ್ಲಿ ಆಸ್ಟ್ರಿಯಾದ ರಾಜಕುಮಾರಿ ಲಿಯೋಪೋಲ್ಡಿನಾಳನ್ನು ಪೋರ್ಚುಗಲ್‌ನ ರಾಜಕುಮಾರ ಪೆಡ್ರೊಗೆ ಕೊಟ್ಟು ಮದುವೆ ಮಾಡಿದರು. ಅವನಿದ್ದದ್ದು ಬ್ರೆಜಿಲ್‌ನಲ್ಲಿ. ಹೆಣ್ಣನ್ನು ಅಷ್ಟು ದೂರ ಕಳಿಸುವಾಗ ಜೊತೆಗೆ ಒಂದಿಷ್ಟು ವಿಜ್ಞಾನಿಗಳನ್ನೂ ಕಳಿಸಿದರು, ಹೋದದ್ದೇ ಹೋಗುತ್ತಾರೆ, ಅಲ್ಲಿನ ಗಿಡ ಪ್ರಾಣಿ ಎಲ್ಲ ನೋಡಿಕೊಂಡು ಬರಲಿ ಅಂತ. ಅವರಲ್ಲಿ ಯೋಹಾನ್ ನಾಟೆರರ್ ಅನ್ನುವವನೊಬ್ಬ. ಮದುವೆ ದಿಬ್ಬಣದ ಜೊತೆ ಹೋದವನು ಎಷ್ಟು ದಿನ ಇರಬಹುದು? ಊಟ ಮುಗಿಸಿ, ತಾಂಬೂಲ ಹಾಕಿಕೊಂಡು, ಇನ್ನೆರಡು ದಿನ ಇದ್ದು ಹೊರಡಬೇಕಲ್ಲವೇ? ಈ ಪುಣ್ಯಾತ್ಮ 18 ವರ್ಷ ಇದ್ದ. ವಾಪಸ್ಸು ಬನ್ನಿ ಅಂತ ಊರಿನಿಂದ ಹೇಳಿ ಕಳಿಸಿದರೂ ಬರಲಿಲ್ಲ. ಅಲ್ಲೇ ಮದುವೆಯಾದ. ಕಾಡು ಹೊಳೆ ಸುತ್ತಿ 12,000ಕ್ಕೂ ಹೆಚ್ಚು ಹಕ್ಕಿಗಳ ಮಾದರಿ ಕೂಡಿಹಾಕಿದ, ಮೀನುಗಳ ಲೆಕ್ಕ ಬೇರೆ. ಅವನು ಹಿಡಿದ ಮೀನುಗಳಲ್ಲಿ ಈ ದುಂಡು ಮೀನೂ ಇತ್ತು. ಅದಕ್ಕೆ 1840ರಲ್ಲಿ ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದವನು ವಿಯೆನ್ನಾದಲ್ಲೇ ಕೂತಿದ್ದ ಹೆಕೆಲ್ ಅನ್ನುವ ವಿಜ್ಞಾನಿ. ಅಲೆದವನು ಒಬ್ಬ, ಹೆಸರು ಇನ್ನೊಬ್ಬನದು. ಇಂದಿಗೂ ಆ ಜಾತಿಗೆ ಹೆಕೆಲ್ ಡಿಸ್ಕಸ್ ಅಂತಲೇ ಕರೆಯುತ್ತಾರೆ. ನಾಟೆರರ್ 1843ರಲ್ಲಿ ತೀರಿಕೊಂಡ. ಐದು ವರ್ಷದ ಮೇಲೆ ವಿಯೆನ್ನಾದ ಅರಮನೆಗೆ ಬೆಂಕಿ ಬಿದ್ದಾಗ ಅವನ ದಿನಚರಿಗಳೂ ಸುಟ್ಟುಹೋದವು. 18 ವರ್ಷ ಏನೇನು ನೋಡಿದ್ದನೋ!

ಈ ಮೀನಿನ ತವರು ಅಮೆಜಾನ್ ಸೀಮೆ. ಹೆಕೆಲ್ ಡಿಸ್ಕಸ್ ಇರುವುದು ರಿಯೊ ನೀಗ್ರೊ ಅನ್ನುವ ಹೊಳೆಯ ಕಡೆ. ಆ ಹೊಳೆಯ ದಡದಲ್ಲಿ ಬಾರ್ಸೆಲೋಸ್ ಅಂತ ಒಂದು ಊರಿದೆ, ಅಕ್ವೇರಿಯಂ ಮೀನು ಹಿಡಿದು ಮಾರುವುದು ಅಲ್ಲಿನವರ ಕಸುಬು. ವರ್ಷಕ್ಕೊಮ್ಮೆ ಮೀನಿನ ಹಬ್ಬ ಮಾಡುತ್ತಾರೆ. ಊರಿಗೆ ಊರೇ ಎರಡು ಪಂಗಡ: ಒಂದು ಡಿಸ್ಕಸ್ ಪಂಗಡ, ಇನ್ನೊಂದು ಕಾರ್ಡಿನಲ್ ಅನ್ನುವ ಕೆಂಪು ನೀಲಿ ಪುಟಾಣಿ ಮೀನಿನ ಪಂಗಡ. ವೇಷ ಕಟ್ಟಿಕೊಂಡು, ಹಾಡಿ ಕುಣಿದು ಸ್ಪರ್ಧೆಗೆ ಬೀಳುತ್ತಾರಂತೆ. ಪಂಗಡ ಕಟ್ಟಲೇಬೇಕು ಅಂತಿದ್ದರೆ ಮೀನಿನ ಹೆಸರಲ್ಲಿ ಕಟ್ಟುವುದು ಎಷ್ಟೋ ವಾಸಿ.

ಎಲ್ಲಿಗೋ ಹೋದೆ. ನೀರಿನ ಮಾತಲ್ಲವೇ ಆಡುತ್ತಿದ್ದದ್ದು.

ರಿಯೊ ನೀಗ್ರೊ ನೀರು ಕಂದುಗಪ್ಪು. ಕಾಡಿನ ತರಗೆಲೆಯೆಲ್ಲ ಅದರಲ್ಲಿ ನೆನೆದು ನೆನೆದು ಬಂದ ಬಣ್ಣ. ಆದರೆ ಲವಣ ಗಿವಣ ಏನೂ ಇಲ್ಲ, ಹೆಚ್ಚುಕಮ್ಮಿ ಮಳೆನೀರೇ. ಅಷ್ಟು ಮೆದು, ಜೊತೆಗೆ ಹುಳಿ. ಮನೆಯಲ್ಲಿ ತಲೆಮಾರುಗಳಿಂದ ಬೆಳೆಸಿದ ಡಿಸ್ಕಸ್‌ಗಳು ನಮ್ಮ ಸಾಧಾರಣ ನೀರಿನಲ್ಲೂ ಬದುಕುತ್ತವೆ, ತಿಂದುಂಡು ದಪ್ಪಗೂ ಆಗುತ್ತವೆ. ಮರಿ ಆಗಬೇಕು ಅಂದಾಗ ಮಾತ್ರ ತವರಿನ ನೀರು ಕೇಳುತ್ತವೆ. ಗಡಸು ನೀರಿನಲ್ಲಿ ಮೊಟ್ಟೆಯ ಮೇಲಿನ ಪೊರೆಯೂ ಗಟ್ಟಿಯಾಗಿ ಗಂಡಿನ ಬೀಜ ಒಳಗೆ ಹೋಗುವುದಿಲ್ಲ ಅನ್ನುತ್ತಾರೆ ಬಲ್ಲವರು. ಆದ್ದರಿಂದ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಲೆಕ್ಕ, 100ರ ಒಳಗೆ, ಹುಳಿಯ ಅಳತೆ ಪಿಎಚ್ 6ರಿಂದ 6.5. ನಮ್ಮ ಬೀದಿಯ ಬೋರ್‌ವೆಲ್ ನೀರು ಸಾವಿರ ಮುಟ್ಟುತ್ತದೆ. ಅದರಲ್ಲಿ ಬೇಳೆಯೇ ಬೇಯುವುದಿಲ್ಲ, ಮೊಟ್ಟೆ ಒಡೆಯುವುದೆಲ್ಲಿ ಬಂತು. ಕಾವೇರಿ ನೀರು ವಾಸಿ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ಏರಿಸಿ ತಂದ ನೀರನ್ನು ಮೀನಿಗೆ ಹಾಕುತ್ತೀಯಾ ಅಂತ ಯಜಮಾನರ ಆಕ್ಷೇಪ. ಹಾಕಿ ಚೆಲ್ಲುತ್ತೇನೆಯೇ? ಟ್ಯಾಂಕಿನಿಂದ ತೆಗೆದದ್ದೆಲ್ಲ ಕರಿಬೇವಿಗೆ, ದುಂಡುಮಲ್ಲಿಗೆಗೆ. ಈ ವರ್ಷ ಕರಿಬೇವಿನ ಗಿಡ ಮಹಡಿಗೆ ತಲೆ ಹಾಕಿದೆ, ಅದರ ಒಗ್ಗರಣೆ ತಿನ್ನುವಾಗ ಆಕ್ಷೇಪವಿಲ್ಲ. ಕಾವೇರಿ ನೀರನ್ನೂ ಆರ್‌ಒ ಮಾಡಿ, ಡ್ರಮ್ಮಿನಲ್ಲಿ ತುಂಬಿಸಿ, ರಾತ್ರಿಯೆಲ್ಲ ಗಾಳಿ ಹೊಡೆಸಿಟ್ಟು ಮರುದಿನ ಹಾಕುವುದು. ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ನೆಲ ಒರೆಸುವುದು.

ಟಿಡಿಎಸ್ ನೋಡಲು ಪೆನ್ನಿನಂಥ ಒಂದು ಮೀಟರು ಬರುತ್ತದೆ. ಅದು ಸದಾ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಇರುತ್ತದೆ. ಹೋದಹೋದಲ್ಲಿ ನೀರು ಕೊಟ್ಟರೆ ಕುಡಿಯುವ ಮುಂಚೆ ಒಂದು ಸಲ ಅದ್ದಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಬೀಗರ ಮನೆಯಲ್ಲಿ ಅದ್ದಿದ್ದಕ್ಕೆ ಸ್ವಲ್ಪ ಮುಜುಗರವಾಯಿತು, ಅದು ಬಿಡಿ. ಕುಂದಾಪುರದ ಕಡೆ ಒಂದು ಗೃಹಪ್ರವೇಶಕ್ಕೆ ಹೋದಾಗ ಮಂತ್ರ ನಡೆಯುತ್ತಿದ್ದ ಹಾಗೇ ಹಿತ್ತಲಿಗೆ ಹೋಗಿ ಬಾವಿಯ ಕೊಡಪಾನಕ್ಕೆ ಪೆನ್ನು ಅದ್ದಿದೆ. ಮುರಕಲ್ಲಿನ ಬಾವಿ. ನೂರರ ಎಷ್ಟೋ ಕೆಳಗೆ! ಆ ಕಲ್ಲಿನ ನೆಲದ ನೀರು ಮೆದು, ಸ್ವಲ್ಪ ಹುಳಿಯೂ ಹೌದು. ಅಂದರೆ ಅಮೆಜಾನ್ ನೀರು ಅವರ ಹಿತ್ತಲಲ್ಲೇ ಇದೆ. ಅದರಲ್ಲಿ ಅವರು ಪಾತ್ರೆ ತೊಳೆಯುತ್ತಿದ್ದರು. ಅಷ್ಟು ಹೊಟ್ಟೆಕಿಚ್ಚು ನನಗೆ ಅವರ ಹೊಸ ಮನೆ ನೋಡಿ ಕೂಡ ಆಗಲಿಲ್ಲ.

ತರಗೆಲೆಯ ಮಾತು ಬಂತಲ್ಲ, ಅದಕ್ಕೆ ಮಾತ್ರ ಬೆಂಗಳೂರಿನಲ್ಲಿ ಬರವಿಲ್ಲ. ಕಾಡುಬಾದಾಮಿ ಮರ ನೋಡಿದ್ದೀರಲ್ಲ, ಛತ್ರಿ ಛತ್ರಿಯಾಗಿ ಅಂತಸ್ತು ಹಾಕಿಕೊಂಡು ಬೆಳೆಯುವುದು. ಚಳಿಗಾಲದಲ್ಲಿ ಅದರ ಎಲೆ ಕೆಂಪಗಾಗಿ ಉದುರುತ್ತದೆ. ಆ ಒಣಗಿದ ಎಲೆಯನ್ನು ಟ್ಯಾಂಕಿಗೆ ಹಾಕಿದರೆ ನೀರಿಗೆ ಕಂದು ಬಣ್ಣ ಬಿಡುತ್ತದೆ, ಹುಳಿ ಸ್ವಲ್ಪ ಏರುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ಥಾಯ್ಲೆಂಡಿನ ಕಡೆ ಮೀನು ಸಾಕುವವರು ಹಿಂದಿನಿಂದಲೂ ಮಾಡಿಕೊಂಡು ಬಂದದ್ದು. ಇದನ್ನು ತೊಳೆದು ಪ್ಯಾಕೆಟ್ಟು ಮಾಡಿ ಅಂಗಡಿಯಲ್ಲಿ ಮಾರುತ್ತಾರೆ ಅಂದರೆ ನಂಬುತ್ತೀರಾ? ನಮ್ಮ ಮೂರನೇ ಮನೆಯ ಮುಂದೆ ಅಂಥ ಮರವಿದೆ. ಬೆಳಗ್ಗೆ ಪೌರಕಾರ್ಮಿಕರು ಬರುವ ಮುಂಚೆ ನಾನು ಚೀಲ ಹಿಡಿದು ಹೋಗುತ್ತೇನೆ. ಹುಳ ತಿಂದದ್ದು ಬೇಡ, ಹಸಿರು ಉಳಿದದ್ದು ಬೇಡ, ಮಚ್ಚೆ ಇಲ್ಲದ ಕೆಂಪು ಎಲೆಯೇ ಆಗಬೇಕು. ಆ ಮನೆಯವರು ಮೊದಲು ಅನುಮಾನದಿಂದ ನೋಡಿದರು, ಆಮೇಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದೇ ಇದು ಅಂತ ಕೇಳಿದರು. ಮೀನಿಗೆ ಅಂದೆ. ಇನ್ನೂ ಅನುಮಾನದಿಂದ ನೋಡಿದರು.

ಇನ್ನು ಬಾಣಂತಿ ಕೋಣೆ. ಬೇರೆಯದೇ ಒಂದು ಟ್ಯಾಂಕು ಬೇಕು. ನೂರು ನೂರೈವತ್ತು ಲೀಟರಿನದು ಸಾಕು, ಒಳಗೆ ಮರಳು ಕಲ್ಲು ಗಿಡ ಯಾವ ಅಲಂಕಾರವೂ ಕೂಡದು. ಹೊಸ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲವಲ್ಲ ನಾವು, ಅಜ್ಜಿಯ ಹಳೇ ಸೀರೆ ಹರಿದು ಸುತ್ತುತ್ತೇವೆ, ಇಲ್ಲೂ ಹಾಗೆಯೇ. ಹೊಸ ಟ್ಯಾಂಕಿಗೆ ಹೊಸ ಫಿಲ್ಟರು ಹಾಕಿದರೆ ಕೆಟ್ಟಿತು. ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ, ಅದನ್ನು ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆ, ಅದನ್ನು ನೈಟ್ರೇಟ್ ಮಾಡುವುದು ಇನ್ನೊಂದು ಬಗೆ. ಇವೆಲ್ಲ ಸ್ಪಂಜಿನಲ್ಲಿ ಮನೆ ಮಾಡಲು ವಾರಗಟ್ಟಲೆ ಬೇಕು. ಹಾಗಾಗಿ ಹಳೇ ಟ್ಯಾಂಕಿನಲ್ಲಿ ಓಡುತ್ತಿದ್ದ ಸ್ಪಂಜ್ ಫಿಲ್ಟರನ್ನೇ, ಕೊಳೆಯ ಸಮೇತ, ತಂದು ಹಾಕುವುದು.

ಮೊಟ್ಟೆ ಇಡಲು ನೆಟ್ಟಗೆ ನಿಂತ ಒಂದು ವಸ್ತು ಬೇಕು. ಕಾಡಿನಲ್ಲಾದರೆ ಮರದ ಬೇರು, ದಿಮ್ಮಿ. ಮನೆಯಲ್ಲಿ ಮಣ್ಣಿನ ಶಂಕು, ಅಡಿಯೆತ್ತರದ್ದು. ಅದನ್ನು ಮಾಡಿಸಲು ಪಾಟರಿ ಟೌನ್‌ಗೆ ಹೋದೆ. ಬೆಂಗಳೂರಿನ ಗಣಪತಿ, ಹಣತೆ, ಕುಂಡ ಎಲ್ಲ ಬರುವ ಬೀದಿ ಅದು. ಚಕ್ರದ ಮುಂದೆ ಕೂತಿದ್ದ ಹಿರಿಯರು ಅಳತೆ ಕೇಳಿದರು, ಬಣ್ಣ ಬೇಡ ಅಂದದ್ದಕ್ಕೆ ತಲೆಯಾಡಿಸಿದರು, ಆಮೇಲೆ ಮೆಲ್ಲಗೆ, ಇದು ಯಾವ ದೇವರ ಪೂಜೆಗಮ್ಮ ಅಂತ ಕೇಳಿದರು. ವಿವರಿಸಿದೆ. ಹೊರಮೈ ಪೂರ್ತಿ ನುಣ್ಣಗೆ ಮಾಡುವುದು ಬೇಡ, ಮೊಟ್ಟೆ ಕಚ್ಚಿಕೊಳ್ಳಲು ಸ್ವಲ್ಪ ತರಿ ಇರಲಿ ಅಂತ ಅವರೇ ಹೇಳಿ, ಒದ್ದೆ ಮಣ್ಣಿನ ಮೇಲೆ ಹೆಬ್ಬೆರಳು ಓರೆಯಾಗಿ ಆಡಿಸಿ ತೋರಿಸಿದರು. ಡಿಸ್ಕಸ್ ಕಂಡರಿಯದ ಮನುಷ್ಯ! ಕೈಗೆ ಬುದ್ಧಿ ಇರುತ್ತದೆ ನೋಡಿ.

ಅಲ್ಲ, ಕೋಣೆ ಕುಲಾವಿ ಎಲ್ಲ ಆಯಿತು, ಬಾಣಂತಿ ಯಾರು ಅಂತ ನೀವು ಕೇಳಲೇ ಇಲ್ಲ. ಕೇಳಿದರೂ ಹೇಳುವುದು ಕಷ್ಟ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳಬಾರದು ಅಂತ ನಮ್ಮಲ್ಲಿ ಕಾನೂನಿದೆ. ಇವುಗಳಲ್ಲಿ ಹುಟ್ಟಿ ವರ್ಷ ಕಳೆದರೂ ಯಾರೂ ಹೇಳಲಾರರು. ನೋಡಲು ಎರಡೂ ಒಂದೇ. ಮೊಟ್ಟೆ ಇಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಒಂದು ಸಣ್ಣ ನಳಿಕೆ ಇಳಿಯುತ್ತದೆ, ಚೂಪಾಗಿದ್ದರೆ ಗಂಡು, ಮೊಂಡಾಗಿದ್ದರೆ ಹೆಣ್ಣು. ಅಲ್ಲಿಯವರೆಗೂ ಎಲ್ಲ ಊಹೆ. ಅದಕ್ಕೇ ಎರಡು ತರುವುದಿಲ್ಲ, ಚಿಕ್ಕವು ಆರು ತಂದು ಒಟ್ಟಿಗೆ ಬೆಳೆಸಿ ಅವುಗಳ ಇಷ್ಟಕ್ಕೆ ಬಿಡುವುದು. ಒಂದು ದಿನ ಎರಡು ಸೇರಿಕೊಂಡು ಒಂದು ಮೂಲೆ ಹಿಡಿದು ಮಿಕ್ಕವನ್ನು ಓಡಿಸತೊಡಗುತ್ತವೆ, ಎದುರುಬದುರು ನಿಂತು ಮೈ ಬಾಗಿಸಿ ಅದುರಿಸುತ್ತವೆ. ಜೋಡಿ ಆಯಿತು ಅಂತ ಅರ್ಥ. ಅಥವಾ ಆಗಲಿಲ್ಲ ಅಂತಲೂ ಅರ್ಥ ಇರಬಹುದು, ಯಾಕೆಂದರೆ ಎರಡು ಹೆಣ್ಣುಗಳೂ ಹೀಗೇ ಜೋಡಿಯಾಗಿ, ಸರದಿಯಲ್ಲಿ ಮೊಟ್ಟೆ ಇಟ್ಟು, ಎರಡೂ ಕೂಡಿ ಕಾವಲು ಕಾಯುವುದುಂಟು. ಮೊಟ್ಟೆಯೆಲ್ಲ ಬೆಳ್ಳಗಾಗುತ್ತದೆ ಅಷ್ಟೇ.

ಪಥ್ಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಜರ್ಮನಿ ಅಮೆರಿಕದ ಹಳೇ ಸಾಕಣೆದಾರರ ಪಾಕಕ್ಕೆ ದನದ ಹೃದಯವೇ ಮೂಲ. ನಮ್ಮ ಫ್ರಿಜ್ಜಿನಲ್ಲಿ ಅದು ನಡೆಯುವ ಮಾತಲ್ಲ. ಬ್ಲಡ್‌ವರ್ಮ್ ಅಂತ ನೊಣದ ಜಾತಿಯ ಮರಿಹುಳು ಗಟ್ಟಿ ಮಂಜು ಮಾಡಿ ಮಾರುತ್ತಾರೆ, ಅದಕ್ಕೂ ಅಡುಗೆಮನೆಯಲ್ಲಿ ಜಾಗ ಸಿಗದೆ ಮಹಡಿ ಮೇಲೆ ಒಂದು ಸಣ್ಣ ಫ್ರಿಜ್ಜು ಇಡಿಸಿದ್ದೇನೆ. ವಾರಕ್ಕೊಮ್ಮೆ ಇವುಗಳನ್ನು ಉಪವಾಸ ಕೆಡವುವುದು ಒಳ್ಳೆಯದಂತೆ, ಏಕಾದಶಿ ಬಂದ ವಾರ ಮನೆಮಂದಿಗೂ ಮೀನಿಗೂ ಒಂದೇ ದಿನ. ಮರಿಗಳಿಗೆ ಮಾತ್ರ ಜೀವಂತ ಆಹಾರವೇ ಬೇಕು, ಆರ್ಟೀಮಿಯಾ. ಅಮೆರಿಕದ ಯೂಟಾ ರಾಜ್ಯದ ದೊಡ್ಡ ಉಪ್ಪುಸರೋವರದಿಂದ ಇದರ ಮೊಟ್ಟೆ ಡಬ್ಬಿಯಲ್ಲಿ ಬರುತ್ತದೆ, ಕಂದು ಪುಡಿ. ವರ್ಷಗಟ್ಟಲೆ ಒಣಗಿ ಬಿದ್ದಿದ್ದರೂ ಸರಿ, ಉಪ್ಪುನೀರಿಗೆ ಹಾಕಿ ಗಾಳಿ ಕೊಟ್ಟು ಬೆಚ್ಚಗಿಟ್ಟರೆ ಒಂದು ದಿನ ಒಂದೂವರೆ ದಿನದಲ್ಲಿ ಜೀವ ಬಂದು ಕಿತ್ತಳೆ ಬಣ್ಣದ ಚುಕ್ಕಿಗಳಾಗಿ ಈಜುತ್ತವೆ. ಪೆಟ್ ಬಾಟಲಿ ತಲೆಕೆಳಗೆ ಮಾಡಿ ಕಟ್ಟಿ ಈಗಾಗಲೇ ರಿಹರ್ಸಲ್ ಮುಗಿಸಿದ್ದೇನೆ.

ಈಗ ಹಾಲು. ಇಷ್ಟೊತ್ತು ಸುತ್ತಿದ್ದು ಇದಕ್ಕೇ.

ಮೊಟ್ಟೆ ಎರಡೂವರೆ ದಿನಕ್ಕೆ ಒಡೆಯುತ್ತದೆ. ಇನ್ನೆರಡು ಮೂರು ದಿನ ಮರಿಗಳು ಶಂಕುವಿಗೆ ತಲೆ ಅಂಟಿಸಿಕೊಂಡು ಬಾಲ ಅಲ್ಲಾಡಿಸುತ್ತಿರುತ್ತವೆ. ಬಿದ್ದವನ್ನು ಅಪ್ಪ ಅಮ್ಮ ಬಾಯಲ್ಲಿ ಎತ್ತಿ ಮತ್ತೆ ಅಂಟಿಸುತ್ತವೆ. ಆಮೇಲೆ ಈಜಲು ಕಲಿತ ಮರಿಗಳೆಲ್ಲ ನೇರ ಅಪ್ಪ ಅಮ್ಮನ ಮೈಗೆ ಹೋಗಿ ಮುತ್ತಿಕೊಳ್ಳುತ್ತವೆ. ಆ ಹೊತ್ತಿಗೆ ದೊಡ್ಡವುಗಳ ಚರ್ಮದ ಮೇಲೆ ದಪ್ಪ ಲೋಳೆ ಕಟ್ಟಿರುತ್ತದೆ, ಮರಿಗಳು ಅದನ್ನೇ ಕಚ್ಚಿ ಕಚ್ಚಿ ತಿನ್ನುವುದು. ಹಿಂದೆ ಹವ್ಯಾಸಿಗಳು ಬೇರೆ ಮೀನಿನ ರೂಢಿಯಂತೆ ಮೊಟ್ಟೆಯನ್ನು ಬೇರೆ ಪಾತ್ರೆಗೆ ತೆಗೆದಿಟ್ಟು ಮರಿ ಮಾಡಿಸಿದರೆ, ಏನು ಕೊಟ್ಟರೂ ತಿನ್ನದೆ ಹಸಿದು ಸಾಯುತ್ತಿದ್ದವಂತೆ. 1959ರಲ್ಲಿ ಹಿಲ್ಡೆಮನ್ ಅನ್ನುವ ಅಮೆರಿಕದ ವಿಜ್ಞಾನಿ ಈ ಲೋಳೆಯ ಸಂಗತಿ ವಿವರವಾಗಿ ಬರೆದ. 2010ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಅದನ್ನು ಪರೀಕ್ಷೆ ಮಾಡಿ, ಮೊಟ್ಟೆ ಇಟ್ಟ ಕೂಡಲೇ ಲೋಳೆಯಲ್ಲಿ ಪ್ರೋಟೀನು ಏರುತ್ತದೆ, ರೋಗ ತಡೆಯುವ ಅಂಶವೂ ಇರುತ್ತದೆ, ಮೂರನೇ ವಾರದ ಹೊತ್ತಿಗೆ ಮೊದಲಿನಂತೆ ಇಳಿಯುತ್ತದೆ ಅಂತ ಕಂಡುಕೊಂಡರು. ಆಗ ಅಪ್ಪ ಅಮ್ಮ ತಾವೇ ಮರಿಗಳಿಂದ ದೂರ ಸರಿಯಲು ಶುರುಮಾಡುತ್ತವಂತೆ. ನಮ್ಮಲ್ಲಿ ಹಾಲು ಬಿಡಿಸಲು ಬೇವು ಹಚ್ಚುತ್ತಾರೆ, ಇವಕ್ಕೆ ಈಜು ಬರುತ್ತದಲ್ಲ.

ಸ್ವಾರಸ್ಯ ಇರುವುದು ಪಾಳಿಯಲ್ಲಿ. ಮರಿಗಳ ಕಚ್ಚಾಟ ಸಾಕೆನಿಸಿದಾಗ ಅಮ್ಮ ಮೈಯನ್ನು ಒಂದು ಸಲ ಛಟ್ಟನೆ ಒದರಿ ಪಕ್ಕಕ್ಕೆ ಹೋಗುತ್ತದೆ. ಮರಿಗಳೆಲ್ಲ ಒಂದೇ ಗಳಿಗೆಯಲ್ಲಿ ಅಪ್ಪನ ಮೈಗೆ. ಅವನಿಗೆ ಸಾಕಾದಾಗ ಅವನೂ ಒದರುತ್ತಾನೆ. ಹಗಲೆಲ್ಲ ಇದೇ. ಇದನ್ನು ಕೇಳಿದಾಗಲೇ ನಾನು ಮಾರುಹೋದದ್ದು, ಮೈಬಣ್ಣಕ್ಕಲ್ಲ. ನಮ್ಮ ಕಾಲದ ಬಾಣಂತನದಲ್ಲಿ ಗಂಡಸರಿಗಿದ್ದ ಕೆಲಸ ಸೌದೆ ಒಡೆಯುವುದು, ಹೊಸ್ತಿಲಾಚೆ ನಿಂತು ಎಲ್ಲ ಸೌಖ್ಯವೇ ಅನ್ನುವುದು, ಇವೆರಡೇ. ಇದನ್ನೆಲ್ಲ ಓದಿ ಹೇಳಿದರೆ ಯಜಮಾನರು, ಅದಕ್ಕೆ ಪಾಪ ಆಫೀಸು ಇರುವುದಿಲ್ಲವಲ್ಲ ಅಂದರು. ನಿವೃತ್ತರಾಗಿ ಎಷ್ಟೋ ಕಾಲವಾದ ಬಾಯಲ್ಲಿ ಈ ಮಾತು!

ಪಾರಿವಾಳದಲ್ಲೂ ಗಂಡು ಹೆಣ್ಣು ಎರಡೂ ಗಂಟಲಿನ ಚೀಲದಲ್ಲಿ ಹಾಲಿನಂಥದ್ದು ಮಾಡಿ ಮರಿಗೆ ಉಣಿಸುತ್ತವೆ. ಅದಕ್ಕೂ ಪ್ರೊಲ್ಯಾಕ್ಟಿನ್ ಹಾರ್ಮೋನೇ ಕಾರಣ, ಡಿಸ್ಕಸ್‌ನ ಲೋಳೆಗೂ ಅದೇ, ನಮಗೂ ಅದೇ. ಇಷ್ಟು ದೂರ ಹೋಗುವುದೂ ಬೇಡ. ಆರೆಂಜ್ ಕ್ರೊಮೈಡ್ ಅಂತ ಹಳದಿ ಮೈಯ, ಮೂರಂಗುಲದ ಮೀನೊಂದು ನಮ್ಮ ಕರಾವಳಿಯ ಹಿನ್ನೀರಿನಲ್ಲೇ ಇದೆ. ಡಿಸ್ಕಸ್‌ಗೆ ದೂರದ ದಾಯಾದಿ, ಅದರ ಮರಿಗಳೂ ಅಪ್ಪ ಅಮ್ಮನ ಮೈ ಲೋಳೆ ಕಚ್ಚಿ ತಿನ್ನುತ್ತವೆ. ಕುಂದಾಪುರದವರಿಗೆ ನೀರೂ ಇದೆ, ಮೀನೂ ಇದೆ. ಹೋಗಲಿ ಬಿಡಿ.

ಈಗ ಉಳಿದಿರುವ ಚರ್ಚೆ ಜಾಲರಿಯದು. ಹೊಸ ಜೋಡಿಗಳು ಮೊದಲ ಕೆಲವು ಸಲ ಇಟ್ಟ ಮೊಟ್ಟೆಯನ್ನು ತಾವೇ ತಿಂದುಬಿಡುವುದು ಹೆಚ್ಚು. ತಿನ್ನದ ಹಾಗೆ ಶಂಕುವಿನ ಸುತ್ತ ಜಾಲರಿ ಕಟ್ಟಬೇಕು ಅಂತ ಒಂದು ಪಕ್ಷ. ಬಿಡಿ, ವಾರ ಹತ್ತು ದಿನಕ್ಕೆ ಮತ್ತೆ ಇಡುತ್ತವೆ, ಕಲಿಯಲಿ ಅಂತ ಇನ್ನೊಂದು. ನಾನು ಕಟ್ಟುವುದಿಲ್ಲ. ಅದರ ಬದಲು ಟ್ಯಾಂಕಿನ ಮೂರು ಮಗ್ಗುಲಿಗೆ ಕಾಗದ ಅಂಟಿಸಿದ್ದೇನೆ, ರಾತ್ರಿಯಿಡೀ ಮಂದ ದೀಪ ಇಟ್ಟಿದ್ದೇನೆ, ಹಾಲಿನಲ್ಲಿ ಜೋರಾಗಿ ಮಾತಾಡುವವರನ್ನು ಜಗಲಿಗೆ ಕಳಿಸಿದ್ದೇನೆ. ಕರೆಂಟು ಹೋದರೆ ಗಾಳಿಪಂಪಿಗೆ ಬ್ಯಾಟರಿ ಇದೆ. ಮೊಬೈಲಿನ ಫ್ಲ್ಯಾಷ್ ಹೊಡೆದು ಫೋಟೊ ತೆಗೆಯಲು ಬಂದ ಪಕ್ಕದ ಮನೆ ಹುಡುಗನನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸಿದೆ. ಮಗಳು ವಿಡಿಯೊ ಕಾಲಿನಲ್ಲಿ ತೋರಿಸು ಅಂದದ್ದಕ್ಕೂ, ಇನ್ನೂ ಏನೂ ಆಗಿಲ್ಲ, ಆದಮೇಲೂ ಹನ್ನೊಂದು ದಿನ ತೋರಿಸುವುದಿಲ್ಲ ಅಂದುಬಿಟ್ಟೆ. ನಿನ್ನೆಯಿಂದ ಜೋಡಿ ಸರದಿಯಲ್ಲಿ ಶಂಕುವನ್ನು ಬಾಯಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿವೆ.

ಒಂದು ಮೊಟ್ಟೆಯೂ ಬಿದ್ದಿಲ್ಲ, ಮರಿಗಳಿಗೆ ಮಾತ್ರ ಆಗಲೇ ಬುಕಿಂಗ್ ಶುರುವಾಗಿದೆ. ಬಾದಾಮಿ ಮರದ ಮನೆಯವರಿಗೆ ಎಲೆಯ ಋಣಕ್ಕೆ ಆರು. ಪಾಟರಿ ಟೌನ್‌ನ ಹಿರಿಯರು ಮೊಮ್ಮಗಳಿಗೆ ಒಂದು ಕೆಂಪನೆಯದು ಕೇಳಿದ್ದಾರೆ. ಬೀಗರು ಕೂಡ ಮುಜುಗರ ಮರೆತು ನಾಲ್ಕು ಹೇಳಿಟ್ಟಿದ್ದಾರೆ. ನಿಮಗೂ ಬೇಕಿದ್ದರೆ ಈಗಲೇ ಹೇಳಿ, ಆದರೆ ಮನೆಗೆ ಬಂದು ನಿಮ್ಮ ನಲ್ಲಿ ನೀರಿಗೆ ಪೆನ್ನು ಅದ್ದಿ ನೋಡದೆ ಕೊಡುವವಳಲ್ಲ ನಾನು.